ರಾಮೇಶ್ವರದಲ್ಲಿ ಇನ್ನೊಂದು ರಾತ್ರಿ ಉಳಿಯಿರಿ: ಯಾತ್ರೆಗೆ ಹೊರಟ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಯಾತ್ರಿಕ ಬಂಧುಗಳೇ,

ನಮಸ್ಕಾರ. ನಾನು ತಿಪಟೂರು ಕಡೆಯವನು. ಹದಿನೆಂಟು ವರ್ಷದಿಂದ ಯಾತ್ರೆ ಬಸ್ಸು ನಡೆಸುತ್ತಿದ್ದೇನೆ. ವರ್ಷಕ್ಕೆ ಎರಡು ಮೂರು ಸಲ ನಮ್ಮ ಬಸ್ಸು ರಾಮೇಶ್ವರಕ್ಕೆ ಹೋಗುತ್ತದೆ. ನಲವತ್ತು ಜನ ಯಾತ್ರಿಕರು, ಇಬ್ಬರು ಅಡುಗೆಯವರು, ಡಿಕ್ಕಿಯಲ್ಲಿ ಸಿಲಿಂಡರ್, ಅಕ್ಕಿ ಮೂಟೆ, ದೊಡ್ಡ ಪಾತ್ರೆಗಳು. ದಾರಿಯಲ್ಲಿ ಯಾವುದಾದರೂ ಛತ್ರದ ಅಂಗಳದಲ್ಲಿ ಉಪ್ಪಿಟ್ಟು, ಚಿತ್ರಾನ್ನ. ನಿಮ್ಮಲ್ಲಿ ಎಷ್ಟೋ ಜನ ಇಂಥ ಬಸ್ಸಿನಲ್ಲೇ ಹೋಗಿ ಬಂದಿರುತ್ತೀರಿ.

ಈ ಪತ್ರ ಬರೆಯಬೇಕು ಅಂತ ಮನಸ್ಸಿಗೆ ಬಂದು ಮೂರು ವರ್ಷವಾಯಿತು. ಹೇಳಬೇಕಾದ ಮಾತು ಒಂದೇ. ನಾವು ರಾಮೇಶ್ವರಕ್ಕೆ ಹೋಗುತ್ತೇವೆ, ಆದರೆ ರಾಮೇಶ್ವರ ಅನ್ನುವ ಊರನ್ನು ನೋಡುವುದೇ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು ತಲುಪುತ್ತದೆ. ದೇವಸ್ಥಾನದ ಎದುರಿನ ಸಮುದ್ರದ ದಡ, ಅಗ್ನಿತೀರ್ಥದಲ್ಲಿ ಮುಳುಗು. ಒದ್ದೆ ಬಟ್ಟೆಯಲ್ಲೇ ಇಪ್ಪತ್ತೆರಡು ಬಾವಿಯ ಸ್ನಾನ. ಬಟ್ಟೆ ಬದಲಿಸಿ ದರ್ಶನ. ತಿಂಡಿ ತಿಂದು ದ್ವೀಪದ ತುದಿಯ ಧನುಷ್ಕೋಡಿ. ಅಲ್ಲೊಂದು ಫೋಟೋ. ಸಂಜೆ ಐದಕ್ಕೆಲ್ಲ ಬಸ್ಸು ಕನ್ಯಾಕುಮಾರಿ ದಾರಿ ಹಿಡಿದಿರುತ್ತದೆ. ಹೆಚ್ಚೆಂದರೆ ಹದಿಮೂರು ಗಂಟೆ. ನಾನೇ ವರ್ಷಗಟ್ಟಲೆ ಹಾಗೆ ಮಾಡಿಸಿದ್ದೇನೆ. ಬೇಗ ಬೇಗ ಅಂತ ಅವಸರ ಮಾಡಿ, ಮುದುಕರನ್ನೂ ಓಡಿಸಿದ್ದೇನೆ. ಅದಕ್ಕೆ ಈಗ ಬೇಜಾರಿದೆ.

ಮನಸ್ಸು ಬದಲಾಗಿದ್ದು ಧನುಷ್ಕೋಡಿಯಲ್ಲಿ. ಆವತ್ತು ಬಸ್ಸಿನ ಟೈರು ಪಂಕ್ಚರ್ ಆಗಿ ಎರಡು ಗಂಟೆ ನಿಲ್ಲಬೇಕಾಯಿತು. ಯಾತ್ರಿಕರು ಹಾಳು ಬಿದ್ದ ಚರ್ಚಿನ ಹತ್ತಿರ ಓಡಾಡುತ್ತಿದ್ದರು. ನಾನು ಸುಮ್ನೆ ಗುಡಿಸಲುಗಳ ಕಡೆ ನಡೆದೆ. ಅಲ್ಲಿ ಒಬ್ಬ ವಯಸ್ಸಾದ ಅಮ್ಮ ಮರಳಿನಲ್ಲಿ ಕೂತಿದ್ದರು. ಮುಂದೆ ಮೊಣಕೈ ಆಳದ ಒಂದು ಗುಂಡಿ. ಅದರ ತಳದಲ್ಲಿ ಒಂದು ಬೊಗಸೆಯಷ್ಟು ನೀರು ಜಿನುಗಿತ್ತು. ಕೈಯಲ್ಲಿ ತೆಂಗಿನ ಚಿಪ್ಪು. ಚಿಪ್ಪು ಅದ್ದುವುದು, ಮರಳು ಕೂರುವವರೆಗೆ ಕಾಯುವುದು, ಮೇಲಿನ ತಿಳಿಯನ್ನು ಮಾತ್ರ ಕೊಡಕ್ಕೆ ಬಗ್ಗಿಸುವುದು. ಮತ್ತೆ ನೀರು ಜಿನುಗುವವರೆಗೆ ಸುಮ್ಮನೆ ಕೂರುವುದು. ಹಿಂದೆ ನೂರಿನ್ನೂರು ಹೆಜ್ಜೆ ಆಚೆ ಸಮುದ್ರ ಮೊರೆಯುತ್ತಿತ್ತು. ನನ್ನನ್ನು ನೋಡಿ ಒಂದು ಚಿಪ್ಪು ನೀರು ಕೊಟ್ಟರು. ಕುಡಿದೆ. ಸಿಹಿ ನೀರು! ಎರಡೂ ಕಡೆ ಉಪ್ಪು ಸಮುದ್ರ, ನಡುವೆ ಮರಳಿನ ಪಟ್ಟಿ, ಅದರೊಳಗೆ ಎಳನೀರಿನಂಥ ನೀರು.

ಕೊಡ ತುಂಬಲು ಎಷ್ಟು ಹೊತ್ತಾಗುತ್ತೆ ಅಂತ ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಅವರು ನಕ್ಕು, ಗುಂಡಿ ತೋರಿಸಿ, ಅದನ್ನೇ ಕೇಳು ಅನ್ನುವ ಹಾಗೆ ಕೈ ಮಾಡಿದರು.

ಅವತ್ತು ಬೆಳಗ್ಗೆ ನಮ್ಮ ನಲವತ್ತು ಜನ ಲಾಡ್ಜಿನಲ್ಲಿ ತಲಾ ನಾಲ್ಕೈದು ಬಕೆಟ್ ನೀರು ಸುರಿದುಕೊಂಡು ಬಂದಿದ್ದೆವು. ಉಪ್ಪು ಹೋಗಬೇಕಲ್ಲ ಅಂತ. ಆ ಅಮ್ಮನ ಮುಂದೆ ನಿಂತಾಗ ಅದೇ ನೆನಪಾಯಿತು.

ಆ ನೀರು ಅಲ್ಲಿ ಇರುವುದು ಹೇಗೆ ಅಂತ ಆಮೇಲೆ ತಿಳಿದುಕೊಂಡೆ. ಮಳೆ ನೀರು ಮರಳಿನಲ್ಲಿ ಇಳಿಯುತ್ತದೆ. ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಹಾಗಾಗಿ ಒಳಗಿನ ಉಪ್ಪು ನೀರಿನ ಮೇಲೆ ಕೆನೆಯ ಹಾಗೆ ತೇಲುತ್ತಾ ನಿಲ್ಲುತ್ತದೆ. ಚಿಪ್ಪಿನಿಂದ ಮೆಲ್ಲಗೆ ತೆಗೆದರೆ ಸಿಗುತ್ತದೆ. ಮೋಟಾರು ಹಾಕಿ ಎಳೆದರೆ ಕೆನೆ ಹರಿದು ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ಬೇಗ ಸಿಹಿಯಾಗುವುದಿಲ್ಲ. ರಾಮೇಶ್ವರ ದ್ವೀಪದ ಬದುಕು ಬಹುಮಟ್ಟಿಗೆ ನಿಂತಿರುವುದು ಈ ಕೆನೆಯ ಮೇಲೆ. ದೇವಸ್ಥಾನದೊಳಗಿನ ಇಪ್ಪತ್ತೆರಡು ತೀರ್ಥಗಳನ್ನು ಈ ಕಣ್ಣಿನಿಂದ ನೋಡಿ. ಸಮುದ್ರದ ಪಕ್ಕದಲ್ಲೇ ಇಷ್ಟೊಂದು ಸಿಹಿ ಬಾವಿ! ನಮ್ಮ ಹಿರಿಯರು ಅದನ್ನು ಪವಿತ್ರ ಅಂದದ್ದರಲ್ಲಿ ಏನು ಆಶ್ಚರ್ಯ? ತಂಗಚ್ಚಿಮಡಂ ಹತ್ತಿರ ವಿಲ್ಲೂಂಡಿ ತೀರ್ಥವಂತೂ ಸಮುದ್ರದ ಒಳಗೇ ಇದೆ. ಸುತ್ತ ಉಪ್ಪು, ಬಾವಿಯಲ್ಲಿ ಮಾತ್ರ ಕುಡಿಯುವ ನೀರು. ರಾಮ ಬಿಲ್ಲಿನ ತುದಿಯಿಂದ ಒತ್ತಿ ಸೀತೆಗೆ ನೀರು ತೆಗೆದುಕೊಟ್ಟ ಜಾಗ ಅಂತ ಅಲ್ಲಿನವರು ಹೇಳುತ್ತಾರೆ.

ಈಗ ಇನ್ನೊಂದು ವಿಷಯ ಹೇಳಬೇಕು. ಇದು ನಮಗೆ ಕನ್ನಡಿಗರಿಗೆ ಜಾಸ್ತಿ ಸಂಬಂಧಪಟ್ಟಿದ್ದು. ರಾಮನಾಥಪುರ ಜಿಲ್ಲೆಯ ದೊಡ್ಡ ಕುಡಿಯುವ ನೀರಿನ ಯೋಜನೆಗೆ ನೀರು ಎಲ್ಲಿಂದ ಗೊತ್ತಾ? ತಿರುಚಿರಾಪಳ್ಳಿ ಹತ್ತಿರದ ಕಾವೇರಿಯಿಂದ. ಕೊಡಗಿನಲ್ಲಿ ಹುಟ್ಟಿ, ನಮ್ಮ ಶ್ರೀರಂಗಪಟ್ಟಣ ಬಳಸಿ ಹೋದ ಅದೇ ಕಾವೇರಿ, ಪೈಪಿನಲ್ಲಿ ನೂರಾರು ಕಿಲೋಮೀಟರ್ ಹೋಗಿ ಆ ಬರಡು ಜಿಲ್ಲೆಯ ಬಾಯಾರಿಕೆ ನೀಗಿಸುತ್ತದೆ. ಕಾವೇರಿ ವಿಷಯ ಬಂದರೆ ನಮಗೂ ಅವರಿಗೂ ಜಗಳ ಇದ್ದೇ ಇದೆ. ಆ ಜಗಳ ಕೋರ್ಟಿನಲ್ಲಿ ನಡೆಯಲಿ. ಆದರೆ ಅಷ್ಟು ದೂರ ಬಂದು ತಲುಪಿದ ನೀರನ್ನು ಯಾತ್ರೆಗೆ ಬಂದ ನಾವೇ ಪೋಲು ಮಾಡುವುದು ಸರಿಯಾ?

2011ರ ಜನಗಣತಿಯಲ್ಲಿ ರಾಮೇಶ್ವರದ ಜನಸಂಖ್ಯೆ 44,856. ಅಂದರೆ ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟು. ಹಬ್ಬ, ಅಮಾವಾಸ್ಯೆ ಬಂದರೆ ಊರು ತುಂಬಿ ತುಳುಕುತ್ತದೆ. ಆಡಿ ಅಮಾವಾಸ್ಯೆ, ತೈ ಅಮಾವಾಸ್ಯೆ, ಮಹಾಲಯ ಅಮಾವಾಸ್ಯೆಯ ದಿನ ಅಗ್ನಿತೀರ್ಥದ ದಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಷ್ಟೂ ಜನರ ಸ್ನಾನದ ನೀರು, ಕಕ್ಕಸಿನ ನೀರು, ಅಡುಗೆಯ ನೀರು ಆ ಸಣ್ಣ ದ್ವೀಪದಲ್ಲೇ ಎಲ್ಲಾದರೂ ಹೋಗಬೇಕು. ಮರಳಿಗೆ ಇಳಿಯಬೇಕು, ಇಲ್ಲಾ ಸಮುದ್ರ ಸೇರಬೇಕು. ನಾವು ಮುಳುಗುವುದೂ ಅದೇ ಸಮುದ್ರದಲ್ಲಿ.

ಹಿಂದೆ ಅಲ್ಲಿಗೆ ಹೋಗುವುದು ಇಷ್ಟು ಸಲೀಸಾಗಿರಲಿಲ್ಲ. ಕಾಶಿ-ರಾಮೇಶ್ವರ ಅಂದರೆ ಮನೆಯವರನ್ನೆಲ್ಲ ಮಾತಾಡಿಸಿ, ಆಸ್ತಿಪಾಸ್ತಿ ಬಗೆಹರಿಸಿ ಹೊರಡುವ ಯಾತ್ರೆ. ರಾಮೇಶ್ವರದ ಮರಳು ತೆಗೆದುಕೊಂಡು ಹೋಗಿ ಪ್ರಯಾಗದಲ್ಲಿ ಬಿಡಬೇಕು, ಅಲ್ಲಿಂದ ಗಂಗಾಜಲ ತಂದು ರಾಮನಾಥಸ್ವಾಮಿಗೆ ಅಭಿಷೇಕ ಮಾಡಿಸಬೇಕು. ಆಗಲೇ ಯಾತ್ರೆ ಪೂರ್ತಿ. ಕನ್ನಡ ನಾಡಿನ ರಾಜರಿಗೂ ಆ ಜಾಗದ ಸೆಳೆತ ಇತ್ತು. ಹತ್ತನೇ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಚೋಳರನ್ನು ಸೋಲಿಸಿ ರಾಮೇಶ್ವರದವರೆಗೂ ಹೋಗಿ ವಿಜಯಸ್ತಂಭ ನಿಲ್ಲಿಸಿದ ಎಂದು ಅವನ ತಾಮ್ರಶಾಸನ ಹೇಳುತ್ತದೆ. ಮಾನ್ಯಖೇಟ ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ದೇವಸ್ಥಾನ ಬೆಳೆದದ್ದು ಮುಖ್ಯವಾಗಿ ರಾಮನಾಥಪುರದ ಸೇತುಪತಿ ಅರಸರ ಕೈಯಲ್ಲಿ. ರಾಮಸೇತುವೆಯನ್ನು ಕಾಯುವವರು ಅನ್ನುವುದೇ ಅವರ ಬಿರುದು. ಸಾವಿರಕ್ಕೂ ಜಾಸ್ತಿ ಕಂಬಗಳಿರುವ ಆ ಉದ್ದನೆಯ ಹೊರ ಪ್ರಾಕಾರ ಮುಗಿದದ್ದು 18ನೇ ಶತಮಾನದಲ್ಲಿ. ಅಲ್ಲಿ ಪೂಜೆ ಮಾಡುವ ಅರ್ಚಕರು ಮರಾಠಿ ಮೂಲದವರು, ದೀಕ್ಷೆ ಪಡೆಯುವುದು ನಮ್ಮ ಶೃಂಗೇರಿ ಮಠದಿಂದ. ಒಂದು ಗರ್ಭಗುಡಿಗೆ ಎಷ್ಟು ನಾಡಿನ ನಂಟು ನೋಡಿ.

ಆ ದೇವಸ್ಥಾನದಲ್ಲೇ 1897ರ ಜನವರಿಯಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದರು. ಪಶ್ಚಿಮ ದೇಶಗಳಿಂದ ವಾಪಸಾಗುವಾಗ ಸಿಲೋನಿನಿಂದ, ಅಂದರೆ ಇವತ್ತಿನ ಶ್ರೀಲಂಕಾದಿಂದ, ದೋಣಿಯಲ್ಲಿ ಬಂದು ದ್ವೀಪದ ಪಶ್ಚಿಮ ತುದಿಯ ಪಾಂಬನ್‌ನಲ್ಲಿ ಇಳಿದಿದ್ದರು. ಬಡವರಲ್ಲಿ, ದುರ್ಬಲರಲ್ಲಿ, ರೋಗಿಗಳಲ್ಲಿ ಶಿವನನ್ನು ಕಾಣುವವನೇ ನಿಜವಾಗಿ ಶಿವಪೂಜೆ ಮಾಡುವವನು ಎಂಬುದು ಅವತ್ತಿನ ಅವರ ಮಾತಿನ ಸಾರ. ನಾವು ಬಾವಿ ಲೆಕ್ಕ ಹಾಕುತ್ತಾ ಓಡುವ ಜಾಗದಲ್ಲೇ ಅವರು ಆ ಮಾತು ಹೇಳಿದ್ದು.

ಆಮೇಲೆ ಬಂತು ಸೇತುವೆ. 1914ರ ಫೆಬ್ರವರಿ 24ರಂದು ದ್ವೀಪವನ್ನು ಒಳನಾಡಿಗೆ ಸೇರಿಸುವ ಪಾಂಬನ್ ರೈಲು ಸೇತುವೆ ಓಡಾಟಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದ. ನಡುವೆ ಹಡಗು ಬಂದರೆ ಎರಡೂ ಕಡೆಯಿಂದ ಬಾಗಿಲಿನ ಹಾಗೆ ಮೇಲೇಳುವ ಭಾಗ. ಅದನ್ನು ಎತ್ತುತ್ತಿದ್ದದ್ದು ಮೋಟಾರು ಅಲ್ಲ, ಮನುಷ್ಯರು. ಎರಡು ಕಡೆ ಕೆಲಸಗಾರರು ನಿಂತು ಲಿವರ್ ತಿರುಗಿಸಿ ತಿರುಗಿಸಿ ಎತ್ತುತ್ತಿದ್ದರು. ಮದರಾಸಿನಲ್ಲಿ ಬೋಟ್ ಮೇಲ್ ಅನ್ನುವ ರೈಲು ಹತ್ತಿದವರು ಧನುಷ್ಕೋಡಿಯಲ್ಲಿ ಇಳಿದು, ಸ್ಟೀಮರ್ ಹತ್ತಿ ಆಚೆ ದಡದ ತಲೈಮನ್ನಾರ್ ಸೇರಿ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಕೊಲಂಬೊ ತಲುಪುತ್ತಿದ್ದರು. ಒಂದೇ ಟಿಕೆಟ್ ಸಾಕಿತ್ತು. ಆಗ ರೈಲಿನ ಮುಖ್ಯ ದಾರಿ ಹೋಗುತ್ತಿದ್ದದ್ದೇ ಧನುಷ್ಕೋಡಿಗೆ. ರಾಮೇಶ್ವರಕ್ಕೆ ಪಾಂಬನ್‌ನಿಂದ ಒಂದು ಕವಲು ಅಷ್ಟೆ.

ಎ.ಪಿ.ಜೆ. ಅಬ್ದುಲ್ ಕಲಾಂ ಬೆಳೆದದ್ದು ಆ ಕಾಲದ ರಾಮೇಶ್ವರದಲ್ಲಿ. 1931ರಲ್ಲಿ ಅಲ್ಲಿನ ಮಸೀದಿ ಬೀದಿಯಲ್ಲಿ ಹುಟ್ಟಿದರು. ಅವರ ತಂದೆಯ ದೋಣಿ ಹಿಂದೂ ಯಾತ್ರಿಕರನ್ನು ರಾಮೇಶ್ವರದಿಂದ ಧನುಷ್ಕೋಡಿಗೆ ಕರೆದುಕೊಂಡು ಹೋಗಿ ಬರುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲು ಊರಲ್ಲಿ ನಿಲ್ಲುವುದು ನಿಂತಾಗ, ಚಲಿಸುವ ರೈಲಿನಿಂದ ಎಸೆದ ಪೇಪರ್ ಕಟ್ಟುಗಳನ್ನು ಹಿಡಿದುಕೊಳ್ಳುವ ಕೆಲಸ ಹುಡುಗ ಕಲಾಂ ಮಾಡಿದ್ದರು. ಪೇಯ್‌ಕರುಂಬು ಎಂಬಲ್ಲಿ ಅವರ ಸಮಾಧಿ, ಸ್ಮಾರಕ ಇದೆ. 2017ರ ಜುಲೈ 27ರಂದು ತೆರೆಯಿತು. ಬಸ್ಸುಗಳು ಅಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತವೆ. ಆದರೆ ಅವರು ಹುಟ್ಟಿದ ಬೀದಿಯಲ್ಲಿ ನಿಧಾನಕ್ಕೆ ನಡೆದವರು ಕಡಿಮೆ. ದೇವಸ್ಥಾನದಿಂದ ಅಲ್ಲಿಗೆ ನಡೆದೇ ಹೋಗಬಹುದು. ರಾಮನಾಥಸ್ವಾಮಿಯ ಯಾತ್ರಿಕರಿಂದ ಬದುಕು ಕಟ್ಟಿಕೊಂಡ ಮುಸ್ಲಿಂ ಮನೆಗಳು, ಕ್ರೈಸ್ತ ಮೀನುಗಾರರ ಕೇರಿಗಳು, ಎಲ್ಲ ಅಕ್ಕಪಕ್ಕ ಇರುವ ಊರು ಅದು.

ಇನ್ನು 1964. ಧನುಷ್ಕೋಡಿಯಲ್ಲಿ ನಿಂತು ನಗುತ್ತಾ ಸೆಲ್ಫಿ ತೆಗೆದುಕೊಳ್ಳುವ ಮೊದಲು ಇದನ್ನು ದಯವಿಟ್ಟು ಓದಿಕೊಳ್ಳಿ.

ಆ ವರ್ಷ ಡಿಸೆಂಬರ್ 22ರ ರಾತ್ರಿ. ಗಾಳಿ ಮಳೆ ಜೋರಾಗಿತ್ತು. ಪಾಂಬನ್‌ನಿಂದ ಧನುಷ್ಕೋಡಿಗೆ ಹೋಗುವ 653 ನಂಬರಿನ ಪ್ಯಾಸೆಂಜರ್ ರೈಲು ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಹೊರಟಿತು. ರೈಲ್ವೆ ಲೆಕ್ಕದಲ್ಲಿ 110 ಪ್ರಯಾಣಿಕರು, ಐದು ಜನ ಸಿಬ್ಬಂದಿ. ಟಿಕೆಟ್ ಇಲ್ಲದೆ ಹತ್ತಿದವರೂ ಇದ್ದರು ಅನ್ನುತ್ತಾರೆ. ಧನುಷ್ಕೋಡಿ ಇನ್ನೇನು ಬಂತು ಅನ್ನುವಾಗ ಸಿಗ್ನಲ್ ಇರಲಿಲ್ಲ. ಡ್ರೈವರ್ ಕತ್ತಲಲ್ಲಿ ಸ್ವಲ್ಪ ಹೊತ್ತು ಕಾದರು. ಕೊನೆಗೆ ಉದ್ದಕ್ಕೆ ಸೀಟಿ ಹಾಕಿ ರೈಲು ಮುಂದೆ ಬಿಟ್ಟರು. ಆಗಲೇ ಸಮುದ್ರ ಎದ್ದು ಬಂತು. ಇಡೀ ರೈಲು ನೀರಿನಡಿ ಹೋಯಿತು. ಒಳಗಿದ್ದ ಒಬ್ಬರೂ ಉಳಿಯಲಿಲ್ಲ. ಆ ರಾತ್ರಿ ಸ್ಟೇಷನ್ನು, ಪೋಸ್ಟಾಫೀಸು, ಕಸ್ಟಮ್ಸ್ ಕಚೇರಿ, ಮನೆಗಳು, ಛತ್ರಗಳು ಎಲ್ಲ ಹೋದವು. ಆ ಚಂಡಮಾರುತಕ್ಕೆ ಸತ್ತವರು ಸುಮಾರು 1,800 ಜನ ಅಂತ ಅಂದಾಜು. ಸರ್ಕಾರ ಧನುಷ್ಕೋಡಿಯನ್ನು ವಾಸಕ್ಕೆ ಯೋಗ್ಯವಲ್ಲ ಎಂದು ಸಾರಿತು. ವಿಭೀಷಣನಿಗೆ ಪಟ್ಟಾಭಿಷೇಕ ಆಯಿತು ಅನ್ನುವ ಜಾಗದ ಕೋದಂಡರಾಮ ದೇವಸ್ಥಾನ ಮಾತ್ರ ಉಳಿಯಿತು.

ನಾವು ಹತ್ತಿ ಕೂರುವ ಆ ಮುರುಕು ಗೋಡೆಗಳು ಹವಳದ ಕಲ್ಲಿನವು. ಹತ್ತಿರ ಹೋಗಿ ನೋಡಿದರೆ ಕಲ್ಲಿನಲ್ಲಿ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಬೆರಳಾಡಿಸಿದರೆ ಪುಡಿಯಾಗಿ ಉದುರುತ್ತದೆ. ಅಲ್ಲಿ ಪೂಜೆ ನಡೆದಿದೆ, ಮದುವೆ ನಡೆದಿದೆ, ಮಕ್ಕಳು ಹುಟ್ಟಿದ್ದಾರೆ. ನಮ್ಮ ಊರಿನ ಸ್ಮಶಾನದಲ್ಲಿ ಗೋಡೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತೇವಾ? ಅಲ್ಲಿಂದ ಒಂದು ಕಲ್ಲನ್ನೂ ತರಬೇಡಿ. ಊರಿನೊಳಗೆ ತೊಟ್ಟಿಯಲ್ಲಿ ತೇಲಿಸಿ ತೋರಿಸುವ ಕಲ್ಲುಗಳಲ್ಲೂ ಹವಳದ ಕಲ್ಲುಗಳಿವೆ. ಹವಳ ಕೀಳುವುದು, ಮಾರುವುದು, ಕೊಳ್ಳುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನೋಡಿ, ಕೈಮುಗಿದು ಬನ್ನಿ. ಚೀಲಕ್ಕೆ ಹಾಕಬೇಡಿ.

ಅದೇ ಚಂಡಮಾರುತ ಪಾಂಬನ್ ಸೇತುವೆಯ 126 ಗರ್ಡರುಗಳನ್ನು, ಅಂದರೆ ಉಕ್ಕಿನ ತೊಲೆಗಳನ್ನು, ಕಿತ್ತು ಸಮುದ್ರಕ್ಕೆ ಎಸೆದಿತ್ತು. ಮೇಲೇಳುವ ಭಾಗ ಮಾತ್ರ ಹಾಗೇ ನಿಂತಿತ್ತು. ಆಗ ಸಣ್ಣ ವಯಸ್ಸಿನ ಇಂಜಿನಿಯರ್ ಆಗಿದ್ದ ಇ. ಶ್ರೀಧರನ್ ಮುಂದೆ ನಿಂತು 46 ದಿನದಲ್ಲಿ ಸೇತುವೆ ಎಬ್ಬಿಸಿದರು. ನೀರಿಗೆ ಬಿದ್ದ ಗರ್ಡರುಗಳನ್ನೇ ಹುಡುಕಿ ಎತ್ತಿ ಮತ್ತೆ ಕೂರಿಸಿದ್ದರು. ಆಮೇಲೆ ಕೊಂಕಣ ರೈಲು, ದೆಹಲಿ ಮೆಟ್ರೊ ಅಂತ ಅವರ ಹೆಸರು ಎಲ್ಲರಿಗೂ ಗೊತ್ತಾಯಿತು.

ನಾನು ಮೊದಲ ಸಲ ಹೋಗಿದ್ದು ಅಜ್ಜಿ ಜೊತೆ, 1996ರಲ್ಲಿ. ಮಧುರೈಯಲ್ಲಿ ರೈಲು ಬದಲಿಸಿ ಮೀಟರ್ ಗೇಜಿನಲ್ಲಿ ಹೋದೆವು. ಸೇತುವೆ ಮೇಲೆ ರೈಲು ಮನುಷ್ಯ ನಡೆಯುವಷ್ಟೇ ನಿಧಾನ. ಪಕ್ಕದಲ್ಲಿ ಕಟಾಂಜನವೂ ಇಲ್ಲ. ಕಿಟಕಿಯಿಂದ ನೋಡಿದರೆ ನೇರ ಕೆಳಗೆ ನೀರು. ಗಾಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿದ್ದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ಕೆಳಗೆ ಹಾಕಿ, ಗಲ್ಲಕ್ಕೆ ಎರಡು ಸಲ ಬಡಿದುಕೊಂಡಳು. ನಾವು ಆ ಊರಿನಲ್ಲಿ ನಾಲ್ಕು ದಿನ ಇದ್ದೆವು. ಮೂರನೇ ದಿನಕ್ಕೆ ಛತ್ರದ ಎದುರಿನ ಹೂವಿನವಳಿಗೂ ಅಜ್ಜಿಗೂ ಎಷ್ಟು ಸಲಿಗೆ ಆಗಿತ್ತೆಂದರೆ, ಇಬ್ಬರೂ ಅವರವರ ಭಾಷೆಯಲ್ಲೇ ಸೊಸೆಯರ ವಿಷಯ ಮಾತಾಡುತ್ತಿದ್ದರು. ಹೊರಡುವಾಗ ಆಕೆ ಒಂದು ಮೊಳ ಮಲ್ಲಿಗೆ ಜಾಸ್ತಿ ಕೊಟ್ಟಳು. ಆ ದ್ವೀಪದ ತಂಗಚ್ಚಿಮಡಂ ಮಲ್ಲಿಗೆ ಸಸಿಗಳಿಗೆ ಹೆಸರುವಾಸಿ ಅಂತ ನನಗೆ ಗೊತ್ತಾದದ್ದು ಇತ್ತೀಚೆಗೆ.

ರಸ್ತೆ ಸೇತುವೆ ಬಂದದ್ದು 1988ರ ಅಕ್ಟೋಬರ್ 2ರಂದು. ಅಲ್ಲಿಯವರೆಗೆ ಬಸ್ಸು, ಕಾರು ದ್ವೀಪಕ್ಕೆ ಹೋಗುವ ಹಾಗೇ ಇರಲಿಲ್ಲ. ರೈಲು ಇಲ್ಲವೇ ದೋಣಿ. ನನ್ನಂಥವರ ಹೊಟ್ಟೆಪಾಡು ನಡೆಯುತ್ತಿರುವುದು ಆ ರಸ್ತೆಯಿಂದಲೇ. 2007ರಲ್ಲಿ ಬ್ರಾಡ್ ಗೇಜ್ ಬಂತು. 2017ರಲ್ಲಿ ಧನುಷ್ಕೋಡಿಯ ತುದಿ ಅರಿಚಲ್‌ಮುನೈವರೆಗೂ ಟಾರು ರಸ್ತೆ ಬಂತು. ಅದಕ್ಕೆ ಮುಂಚೆ ಮರಳಿನಲ್ಲಿ ಕುಲುಕುತ್ತಾ ಹೋಗುವ ವ್ಯಾನ್‌ಗಳೇ ಗತಿ. ಈಗ ಕಾರಿನ ಸಾಲು ತುದಿಯವರೆಗೂ ನಿಲ್ಲುತ್ತದೆ. 2022ರ ಡಿಸೆಂಬರ್ 23ರಂದು ಹಳೆಯ ಸೇತುವೆಯ ಮೇಲೇಳುವ ಭಾಗದಲ್ಲಿ ತೊಂದರೆ ಕಂಡು ರೈಲು ನಿಲ್ಲಿಸಿದರು. ಎರಡು ವರ್ಷಕ್ಕೂ ಜಾಸ್ತಿ ಕಾಲ ದ್ವೀಪಕ್ಕೆ ರೈಲೇ ಇರಲಿಲ್ಲ. 2025ರ ಏಪ್ರಿಲ್ 6, ರಾಮನವಮಿಯ ದಿನ ಹೊಸ ಸೇತುವೆ ಶುರುವಾಯಿತು. ಇದರ 72.5 ಮೀಟರ್ ಉದ್ದದ ನಡುಭಾಗ ಲಿಫ್ಟಿನ ಹಾಗೆ ನೇರ ಮೇಲಕ್ಕೆ 17 ಮೀಟರ್ ಏಳುತ್ತದೆ. ಲಿವರ್ ಹಿಡಿದು ಸುತ್ತುವ ಕೆಲಸ ಇಲ್ಲ. ನಾನು ಅದೇ ಜೂನಿನಲ್ಲಿ ಹೋದಾಗ ಪಕ್ಕದಲ್ಲಿ ಹಳೆಯದು ತುಕ್ಕು ಹಿಡಿದು ಸುಮ್ಮನೆ ನಿಂತಿತ್ತು. ನೂರ ಎಂಟು ವರ್ಷ ಆ ಉಪ್ಪು ಗಾಳಿಯಲ್ಲಿ ಜನರನ್ನು ದಾಟಿಸಿದ ಕಬ್ಬಿಣ ಅದು. ಬಸ್ಸು ನಿಧಾನ ಮಾಡಿಸಿ ಎಲ್ಲರಿಗೂ ತೋರಿಸಿದೆ.

ಸೇತುವೆ, ರಸ್ತೆ ಎಲ್ಲ ಬೇಕು. ಆ ಊರಿನವರಿಗೆ ಆಸ್ಪತ್ರೆಗೆ ಹೋಗಲು, ಮೀನು ಸಾಗಿಸಲು, ಮಕ್ಕಳ ಓದಿಗೆ ಬೇಕೇ ಬೇಕು. ಆದರೆ ದಾರಿ ಚೆನ್ನಾದಷ್ಟೂ ನಾವು ಅಲ್ಲಿ ಉಳಿಯುವ ಹೊತ್ತು ಕಡಿಮೆಯಾಯಿತು. ಅಜ್ಜಿಯ ನಾಲ್ಕು ದಿನ ನನ್ನ ಬಸ್ಸಿನಲ್ಲಿ ಹದಿಮೂರು ಗಂಟೆ ಆಯಿತು. ಹಾಗೆ ಬಂದು ಹೀಗೆ ಹೋಗುವವರು ಊರಿಗೆ ಬಿಟ್ಟು ಹೋಗುವುದು ಏನು? ಕೊಳೆ ನೀರು, ಪ್ಲಾಸ್ಟಿಕ್ಕು, ಮತ್ತೆ ಬಟ್ಟೆ.

ಬಟ್ಟೆಯ ವಿಷಯ ಬಿಡಿಸಿ ಹೇಳಬೇಕು. ಅಗ್ನಿತೀರ್ಥದಲ್ಲಿ ಮುಳುಗಿ ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟರೆ ದೋಷ, ಪಾಪ ಎಲ್ಲ ಹೋಗುತ್ತದೆ ಅಂತ ಯಾರೋ ಹೇಳಿದ್ದನ್ನು ನಾವು ನಂಬಿದ್ದೇವೆ. ನಮ್ಮ ಬಸ್ಸಿನಲ್ಲೂ ಜನ ಇದಕ್ಕೆಂದೇ ಹಳೆಯ ಪಂಚೆ, ಸೀರೆ ತರುತ್ತಾರೆ. ಅಲ್ಲಿನ ಸಮುದ್ರ ನಮ್ಮ ಮಲ್ಪೆ, ಮುರುಡೇಶ್ವರದ ಹಾಗಲ್ಲ. ರಾಮೇಶ್ವರದ ಪೂರ್ವಕ್ಕೆ, ಉತ್ತರಕ್ಕೆ ಇರುವ ನೀರು ಕೆರೆಯ ಹಾಗೆ ಶಾಂತ. ಅಲ್ಲಿನವರು ಅದನ್ನು ಹೆಣ್ಣು ಕಡಲು ಅನ್ನುತ್ತಾರೆ. ದಕ್ಷಿಣದ ಮನ್ನಾರ್ ಕೊಲ್ಲಿ ಕಡೆಯದು ಅಬ್ಬರದ ಗಂಡು ಕಡಲು. ಶಾಂತವಾದ ನೀರು ಬಿಟ್ಟ ಬಟ್ಟೆಯನ್ನು ಎಲ್ಲೂ ಒಯ್ಯುವುದಿಲ್ಲ. ಅಲ್ಲೇ ತಳದಲ್ಲಿ ಮರಳು ಹಿಡಿದು ಕೂರುತ್ತದೆ. ಹೋದ ಸಲ ನಾನು ಸೊಂಟದ ಮಟ್ಟ ನೀರಿನಲ್ಲಿದ್ದೆ. ಕಾಲಿಗೆ ಏನೋ ಸುತ್ತಿಕೊಂಡಿತು. ಬಗ್ಗಿ ಎಳೆದೆ. ಪೂರ್ತಿ ಒಂದು ಸೀರೆ, ಕಪ್ಪಗೆ ಪಾಚಿ ಕಟ್ಟಿತ್ತು. ಅದರ ಹಿಂದೆ ಇನ್ನೊಂದು ಪಂಚೆ. ಅದೇ ಬೆಳಗ್ಗೆ ದಡದಲ್ಲಿ ಒಬ್ಬ ಮೀನುಗಾರ ಬಲೆ ಹರಡಿಕೊಂಡು ಕೂತಿದ್ದ. ಮೀನು ಬಿಡಿಸುತ್ತಿದ್ದಾನೆ ಅಂದುಕೊಂಡೆ. ಹತ್ತಿರ ಹೋದರೆ ಬಟ್ಟೆ ಚೂರು ಬಿಡಿಸುತ್ತಿದ್ದ. ಬಲೆಯ ಒಂದೊಂದು ಕಣ್ಣಿನಿಂದ ಒಂದೊಂದು ಎಳೆ.

ಆ ಮೀನುಗಾರರ ಕಷ್ಟ ಮೊದಲೇ ಸಾಕಷ್ಟಿದೆ. ಅಲ್ಲಿ ಟ್ರಾಲರ್ ಅನ್ನುವ ದೊಡ್ಡ ಯಂತ್ರದ ದೋಣಿಗಳು ವಾರದಲ್ಲಿ ಮೂರು ದಿನ ಮಾತ್ರ ಸಮುದ್ರಕ್ಕೆ ಹೋಗುತ್ತವೆ. ಉಳಿದ ದಿನ ನಾಡದೋಣಿಗಳ ಸರದಿ. ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಟ್ರಾಲರ್‌ಗಳಿಗೆ ಪೂರ್ತಿ ರಜೆ, ಮೀನು ಮರಿ ಹಾಕುವ ಕಾಲ ಅಂತ. ಶ್ರೀಲಂಕಾ ಅಲ್ಲಿಂದ ಕೂಗಳತೆ ದೂರ. ಕಚ್ಚತೀವು ದ್ವೀಪ 1974ರ ಒಪ್ಪಂದದಲ್ಲಿ ಶ್ರೀಲಂಕಾಕ್ಕೆ ಹೋಯಿತು. ಗಡಿ ದಾಟಿದರೆ ಅಲ್ಲಿನ ನೌಕಾಪಡೆ ಹಿಡಿಯುತ್ತದೆ, ದೋಣಿ ಜಪ್ತಿ ಮಾಡುತ್ತದೆ. ಆಚೆ ಕಡೆ ಜಾಫ್ನಾದ ಮೀನುಗಾರರೂ ತಮಿಳರೇ. ಟ್ರಾಲರ್ ಬಲೆ ತಳ ಗೋರಿಕೊಂಡು ಹೋದರೆ ತಮಗೆ ಉಳಿಯುವುದೇನು ಅನ್ನುವುದು ಅವರ ಅಳಲು. ಎರಡು ದಡದಲ್ಲೂ ಹೊಟ್ಟೆಪಾಡಿನ ಪ್ರಶ್ನೆ. ಇಂಥವರ ಬಲೆಗೆ ನಮ್ಮ ಪಾಪದ ಬಟ್ಟೆಯೂ ಸಿಕ್ಕಿಕೊಳ್ಳಬೇಕಾ?

ಹೆಂಗಸರ ಕೆಲಸವನ್ನು ನೀವು ನೋಡಿರಲಾರಿರಿ. ಮನ್ನಾರ್ ಕೊಲ್ಲಿಯ ಕಡೆ ಹೆಂಗಸರು ಕಡಲಪಾಚಿ ಕೀಳಲು ನೀರಿನೊಳಗೆ ಮುಳುಗುತ್ತಾರೆ. ಸೀರೆ ಮೇಲೆ ಗಂಡಸರ ಅಂಗಿ. ಬೆರಳಿಗೆ ಬಟ್ಟೆ ಸುತ್ತಿರುತ್ತಾರೆ, ಬಂಡೆ ಕೊಯ್ಯಬಾರದು ಅಂತ. ಕಣ್ಣಿಗೆ ಕನ್ನಡಕ. ಉಸಿರು ಬಿಗಿಹಿಡಿದು ಕೆಳಗೆ ಹೋಗಿ, ಒಂದು ಹಿಡಿ ಕಿತ್ತು, ಮೇಲೆ ಬಂದು ಸೊಂಟದ ಚೀಲಕ್ಕೆ ತುಂಬುತ್ತಾರೆ. ಆ ಪಾಚಿಯಿಂದ ತಯಾರಾಗುವ ಅಗರ್ ನಮ್ಮ ಸಿಹಿತಿಂಡಿ, ಔಷಧಿಗಳಲ್ಲಿ ಇರುತ್ತದೆ. 1986ರಲ್ಲಿ ಕೊಲ್ಲಿಯ 21 ದ್ವೀಪಗಳ ಸುತ್ತ ಸಾಗರ ರಾಷ್ಟ್ರೀಯ ಉದ್ಯಾನ ಆದ ಮೇಲೆ ಎಲ್ಲೆಂದರಲ್ಲಿ ಹೋಗುವ ಹಾಗಿಲ್ಲ. ಹವಳ ಉಳಿಯಬೇಕು, ಇವರ ಊಟವೂ ಉಳಿಯಬೇಕು. ಪಾಚಿ ಮತ್ತೆ ಬೆಳೆಯಲಿ ಅಂತ ತಿಂಗಳಲ್ಲಿ ಎಷ್ಟೋ ದಿನ ತಾವೇ ನೀರಿಗೆ ಇಳಿಯದೆ ಬಿಡುವ ಹೆಂಗಸರಿದ್ದಾರೆ. ಯಾವ ಬೋರ್ಡೂ ಇಲ್ಲದೆ, ತಾವೇ ಹಾಕಿಕೊಂಡ ಕಟ್ಟು ಅದು.

ಹಾಗಾಗಿ ಅಕ್ಕಂದಿರೇ, ಅಣ್ಣಂದಿರೇ, ಕೈಮುಗಿದು ಕೇಳಿಕೊಳ್ಳುತ್ತೇನೆ. ಸಮುದ್ರಕ್ಕೆ ಬಟ್ಟೆ ಬಿಡಬೇಡಿ. ನಿಮ್ಮ ಮನೆಯ ಪುರೋಹಿತರನ್ನೇ ಕೇಳಿ ನೋಡಿ, ತೀರ್ಥವನ್ನು ಕೊಳೆ ಮಾಡಿ ಅಂತ ಯಾವ ಪುರೋಹಿತರೂ ಹೇಳುವುದಿಲ್ಲ. ಲಾಡ್ಜಿನಲ್ಲಿ ಒಂದು ಬಕೆಟ್ ನೀರು ಸಾಕು. ಸಾಬೂನು, ಶಾಂಪೂ ಸ್ಯಾಚೆ ಸಮುದ್ರದ ಹತ್ತಿರ ತರಲೇಬೇಡಿ. ಧನುಷ್ಕೋಡಿಗೆ ಹೋಗುವಾಗ ನೀರಿನ ಬಾಟಲಿ ತೆಗೆದುಕೊಂಡು ಹೋದರೆ ಖಾಲಿಯಾದದ್ದನ್ನು ವಾಪಸ್ ತನ್ನಿ. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಬರುತ್ತವೆ. 2025ರಲ್ಲಿ ತಮಿಳುನಾಡು ಸರ್ಕಾರ ಅವಕ್ಕೆಂದೇ ಅಲ್ಲಿ ಅಭಯಾರಣ್ಯ ಘೋಷಿಸಿದೆ. ದೂರದಿಂದ ನೋಡಿ, ಕಲ್ಲು ಎಸೆದು ಹಾರಿಸಬೇಡಿ. ಬಾವಿ ಕಟ್ಟೆಯ ಮೇಲೆ ನಿಂತು ದಿನಕ್ಕೆ ಸಾವಿರಾರು ಸಲ ಹಗ್ಗದ ಬಕೆಟ್ ಎಳೆದು ನಮ್ಮ ತಲೆ ಮೇಲೆ ನೀರು ಹೊಯ್ಯುವವರ ಅಂಗೈ ಒಮ್ಮೆ ನೋಡಿ. ಅವರ ಜೊತೆ ಗದರಿಕೊಂಡು ಜಗಳ ಮಾಡಬೇಡಿ.

ನನ್ನ ಹಾಗೆ ಬಸ್ಸು ನಡೆಸುವ ಅಣ್ಣತಮ್ಮಂದಿರಿಗೂ ಒಂದು ಮಾತು. ಒಂದು ರಾತ್ರಿ ಜಾಸ್ತಿ ಇಟ್ಟರೆ ತಲೆಗೆ ಇಷ್ಟು ಖರ್ಚು ಬೀಳುತ್ತದೆ ಅನ್ನುವುದು ನನಗೂ ಗೊತ್ತು. ಯಾತ್ರಿಕರು ಪಕ್ಕದ ಬಸ್ಸಿನ ರೇಟು ನೋಡುತ್ತಾರೆ ಅನ್ನುವುದೂ ಗೊತ್ತು. ನಾನು ಕಳೆದ ಎರಡು ವರ್ಷದಿಂದ ಕೊಡೈಕೆನಾಲ್ ಬಿಟ್ಟು ಆ ದಿನವನ್ನು ರಾಮೇಶ್ವರಕ್ಕೆ ಕೊಟ್ಟಿದ್ದೇನೆ. ಮೊದಲ ಸಲ ಗೊಣಗಿದರು. ಸಂಜೆ ದೇವಸ್ಥಾನದ ಪ್ರಾಕಾರದಲ್ಲಿ ಜನ ಕಡಿಮೆಯಾದ ಮೇಲೆ ಕೂತು ಹೆಂಗಸರು ದೇವರನಾಮ ಹೇಳಿದರು. ಆ ಕಂಬಗಳ ನಡುವೆ ದನಿ ಹೋಗಿ ತಿರುಗಿ ಬರುತ್ತಿತ್ತು. ಅಲ್ಲೇ ಕಸ ಗುಡಿಸುತ್ತಿದ್ದ ಒಬ್ಬಾಕೆ ಪೊರಕೆ ಒರಗಿಸಿ ಬಂದು ಕೂತಳು. ಮರುದಿನ ಯಾರೂ ಗೊಣಗಲಿಲ್ಲ. ಅಡುಗೆ ಸಾಮಾನಿನಲ್ಲಿ ತರಕಾರಿಯನ್ನಾದರೂ ಅಲ್ಲೇ ಕೊಳ್ಳಿ. ಎಲ್ಲವನ್ನೂ ಇಲ್ಲಿಂದಲೇ ಹೊತ್ತುಕೊಂಡು ಹೋಗಿ, ಅಲ್ಲಿ ಕಸ ಮಾತ್ರ ಬಿಟ್ಟು ಬಂದರೆ ಆ ಊರಿನವರಿಗೆ ನಮ್ಮಿಂದ ಏನು ಸಿಕ್ಕಿತು?

ಹೋದ ಸಲ ಅರಸೀಕೆರೆಯ ಒಬ್ಬ ಅಜ್ಜಿ ಬಂದಿದ್ದರು. ಎಂಬತ್ತರ ಹತ್ತಿರ ವಯಸ್ಸು. ಸಮುದ್ರಕ್ಕೆ ಬಿಡಲಿಕ್ಕೆ ಅಂತ ಹಸಿರು ಸೀರೆ ತಂದಿದ್ದರು. ಬಸ್ಸಿನಲ್ಲಿ ನಾನು ಇದನ್ನೆಲ್ಲ ಹೇಳಿದಾಗ ಅವರು ಏನೂ ಮಾತಾಡಲಿಲ್ಲ. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಸ್ನಾನ ಮುಗಿಸಿ ಬಂದವರೇ ಸೀರೆ ಹಿಂಡಿ, ಬಸ್ಸಿನ ಕಿಟಕಿ ಕಂಬಿಗೆ ಎರಡು ಗಂಟು ಹಾಕಿ ಕಟ್ಟಿದರು. ಪಾಂಬನ್ ದಾಟುವಾಗ ಗಾಳಿಗೆ ಅದು ಪಟಪಟ ಬಡಿಯುತ್ತಿತ್ತು. ರಾಮನಾಥಪುರ ಬರುವಷ್ಟರಲ್ಲಿ ಒಣಗಿತ್ತು. ಮಡಿಚಿ ಚೀಲಕ್ಕೆ ಇಟ್ಟುಕೊಂಡು, "ಉಪ್ಪು ಹೋದ್ಮೇಲೆ ಮನೇಲಿ ಉಟ್ಕೋತೀನಿ ಕಣಪ್ಪ" ಅಂದರು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಬಸ್ಸು ಮತ್ತೆ ಹೊರಡುತ್ತದೆ. ರಾಮೇಶ್ವರದಲ್ಲಿ ಎರಡು ರಾತ್ರಿ. ನೀವು ಯಾರ ಬಸ್ಸಿನಲ್ಲಿ ಹೋದರೂ ಸರಿ, ರೈಲಿನಲ್ಲಿ ಹೋದರೂ ಸರಿ, ಹತ್ತುವ ಮೊದಲು ಅಲ್ಲಿ ಎಷ್ಟು ರಾತ್ರಿ ಇರುತ್ತೇವೆ ಅಂತ ಕೇಳಿ.

ಇಂತಿ ನಿಮ್ಮವ,
ತಿಪಟೂರು ಕಡೆಯ ಒಬ್ಬ ಯಾತ್ರೆ ಬಸ್ಸಿನವ